ಪಾಲುಪಾರೀಖತ್ತಿನಲ್ಲಿ ಅಪ್ಪ ಅಮ್ಮನ ಎಕರೆ

ಅಣ್ಣತಮ್ಮಂದಿರು ಬೇರೆಯಾಗುವಾಗ ಬರೆಸುವ ಪಾಲುಪಾರೀಖತ್ತಿನಲ್ಲಿ ಒಂದು ಕ್ರಮವಿದೆ. ‘ಎ’ ಷೆಡ್ಯೂಲು ಹಿರಿಯ ಮಗನಿಗೆ, ‘ಬಿ’ ಷೆಡ್ಯೂಲು ಕಿರಿಯನಿಗೆ. ಸರ್ವೆ ನಂಬರು, ಚಕ್ಕುಬಂದಿ, ತೆಂಗಿನ ಮರಗಳ ಲೆಕ್ಕ, ಬಾವಿ ನೀರಿನ ಸರದಿ, ಕೊಟ್ಟಿಗೆಗೆ ಹೋಗುವ ದಾರಿ ಎಲ್ಲ ಇತ್ಯರ್ಥವಾದ ಮೇಲೆ, ಎಷ್ಟೋ ಪತ್ರಗಳಲ್ಲಿ ಕೊನೆಯ ಪುಟದಲ್ಲಿ, ತಂದೆತಾಯಿಯ ವಿಷಯ ಬರುತ್ತದೆ. ಒಂದು ಎಕರೆಯೋ ಇಪ್ಪತ್ತು ಗುಂಟೆಯೋ ಅವರ ಹೆಸರಿಗೆ ಉಳಿಯುತ್ತದೆ. ಬದುಕಿರುವ ತನಕ ಅದರ ಉತ್ಪನ್ನ ಅವರದು. ಆಮೇಲೆ ಯಾರು ಕೊನೆಯವರೆಗೆ ನೋಡಿಕೊಂಡರೋ ಅವರದು. ಜಮೀನು ಕಡಿಮೆಯಿದ್ದಲ್ಲಿ ಎಕರೆಯ ಬದಲು ಧಾನ್ಯ: ಪ್ರತಿಯೊಬ್ಬ ಮಗ ವರ್ಷಕ್ಕೆ ಇಷ್ಟು ಪಲ್ಲ ರಾಗಿ, ಕೈಖರ್ಚಿಗೆ ಇಷ್ಟು ಹಣ. ಮುಂಬಾಗಿಲ ಪಕ್ಕದ ಕೋಣೆ ಅವರ ವಾಸಕ್ಕೆ. ಉತ್ತರ ಕರ್ನಾಟಕದ ವಾಟ್ನಿ ಪತ್ರಗಳಲ್ಲೂ ಇದೇ ಏರ್ಪಾಡು ಬೇರೆ ಮಾತುಗಳಲ್ಲಿ ಸಿಗುತ್ತದೆ.

ಮುಪ್ಪಿನ ಖರ್ಚಿಗೆ ನಮ್ಮ ನಾಡು ಮಾಡಿಕೊಂಡ ಹಳೆಯ ಯೋಜನೆಗಳಲ್ಲಿ ಇದೂ ಒಂದು. ಇದರ ಹಿಂದಿನ ಶಾಸ್ತ್ರಕ್ಕೂ ಕನ್ನಡ ನೆಲಕ್ಕೂ ನೇರ ನಂಟಿದೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಚಾಲುಕ್ಯರ ರಾಜಧಾನಿ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಈಗಿನ ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ಪ್ರತೀತಿ. ಮುಂದೆ ಬ್ರಿಟಿಷ್ ನ್ಯಾಯಾಲಯಗಳು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳನ್ನು ಬಗೆಹರಿಸಿದ್ದು ಈ ಗ್ರಂಥವನ್ನು ಆಧರಿಸಿಯೇ. ತಂದೆ ತೀರಿಕೊಂಡ ಮೇಲೆ ಗಂಡುಮಕ್ಕಳು ಪಾಲಾದರೆ ತಾಯಿಗೂ ಮಗನಷ್ಟೇ ಪಾಲು ಎಂಬ ಸ್ಮೃತಿಯ ಮಾತನ್ನು ವಿಜ್ಞಾನೇಶ್ವರ ಎತ್ತಿಹಿಡಿದಿದ್ದ. ಪಿತ್ರಾರ್ಜಿತ ಕೈಗೆ ಬರಲಿ ಬಾರದಿರಲಿ, ವಯಸ್ಸಾದ ತಂದೆತಾಯಿಯನ್ನು ಸಾಕುವ ಹೊಣೆ ಮಗನದು ಎಂಬುದು ಧರ್ಮಶಾಸ್ತ್ರದ ನಿಲುವಾಗಿತ್ತು.

ಆದರೆ ದಕ್ಷಿಣದಲ್ಲಿ ತಾಯಿಯ ಆ ಪಾಲು ಆಚರಣೆಯಿಂದ ಮರೆಯಾಯಿತು. ಆಕೆಗೆ ಉಳಿದದ್ದು ಜೀವನಾಂಶ ಮಾತ್ರ. ಜೀವನಾಂಶವೆಂದರೆ ತಿಂಗಳು ತಿಂಗಳೂ ಮಗನ ಮುಂದೆ ಕೈಯೊಡ್ಡಬೇಕು. ಪಾಲಿಗೆ ಆ ಹಂಗಿಲ್ಲ. ಇದನ್ನು ಮೊದಲು ಸ್ವಲ್ಪಮಟ್ಟಿಗಾದರೂ ಸರಿಪಡಿಸಿದ ಹೆಗ್ಗಳಿಕೆ ಮೈಸೂರು ಸಂಸ್ಥಾನಕ್ಕೆ ಸಲ್ಲಬೇಕು. ಹಿಂದೂ ಮಹಿಳೆಯರ ಹಕ್ಕುಗಳ ಬಗ್ಗೆ 1933ರಲ್ಲಿ ಬಂದ ಮೈಸೂರಿನ ಕಾಯ್ದೆ, ಮನೆ ಪಾಲಾಗುವಾಗ ತಾಯಿಗೆ ಮಗನ ಪಾಲಿನ ಅರ್ಧದಷ್ಟು ಕೊಡಬೇಕೆಂದಿತು. ಅರ್ಧವೇ ಆದರೂ ಅದು ಹಕ್ಕಾಗಿತ್ತು. ಇತ್ತ ತುಳುನಾಡಿನಲ್ಲಿ, ಹೆಣ್ಣಿನ ಕಡೆಯಿಂದ ವಂಶ ಸಾಗುವ ಅಳಿಯಸಂತಾನದ ಮನೆಗಳಲ್ಲಿ, ಬೇರೆಯದೇ ಭದ್ರತೆ. 1949ರ ಮದ್ರಾಸ್ ಕಾಯ್ದೆ ಬರುವವರೆಗೆ ಅಲ್ಲಿ ಹಠ ಹಿಡಿದು ಪಾಲು ಕೇಳುವ ಹಕ್ಕೇ ಇರಲಿಲ್ಲ. ಆಸ್ತಿ ಕುಟುಂಬದ ಹೆಸರಿನಲ್ಲೇ ಇತ್ತು. ಮುದುಕಿಯರು ತಾವು ಹುಟ್ಟಿದ ಮನೆಯಲ್ಲೇ ಕಣ್ಣುಮುಚ್ಚುತ್ತಿದ್ದರು.

ಪಾಲಾದ ಮನೆಗಳಲ್ಲಿ ತಿಂಗಳ ಸರದಿ ಶುರುವಾಗುತ್ತಿತ್ತು. ಈ ತಿಂಗಳು ದೊಡ್ಡವನ ಮನೆ, ಮುಂದಿನ ತಿಂಗಳು ಚಿಕ್ಕವನ ಮನೆ. ಕೆಲವೆಡೆ ಅಪ್ಪ ಒಬ್ಬನಿಗೆ, ಅಮ್ಮ ಇನ್ನೊಬ್ಬನಿಗೆ. ಐವತ್ತು ವರ್ಷ ಒಟ್ಟಿಗೆ ಬಾಳಿದವರನ್ನು ಹೀಗೆ ಬೇರೆ ಮಾಡುವುದು ಕ್ರೂರವೆಂದು ಊರಿನ ಪಂಚಾಯಿತಿಗೂ ಗೊತ್ತಿತ್ತು, ಆದರೂ ನಡೆಯುತ್ತಿತ್ತು. ಅನ್ನ ಬಟ್ಟೆಯ ಮಟ್ಟಿಗೆ ಸರದಿ ಹೇಗೋ ಸಾಗುತ್ತಿತ್ತು, ಕಾಯಿಲೆ ಬಂದರೆ ಅಲ್ಲ. ಅಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು ಚಿಕ್ಕವನ ತಿಂಗಳ ಇಪ್ಪತ್ತೆಂಟನೇ ತಾರೀಕು ಎಂದಿಟ್ಟುಕೊಳ್ಳಿ. ಆಪರೇಷನ್ ಖರ್ಚು ಯಾರದು? ರಾಗಿ ಎಷ್ಟು ಪಲ್ಲ ಎಂದು ಬರೆದ ಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಆಗ ಮಾರಾಟಕ್ಕೆ ಬರುತ್ತಿದ್ದುದು ಬಹುಪಾಲು ಅಪ್ಪ ಅಮ್ಮನ ಅದೇ ಎಕರೆ.

ಸ್ವಾತಂತ್ರ್ಯಾನಂತರದ ಕಾನೂನು ನಿಧಾನವಾಗಿ ಈ ಕಡೆ ಹೊರಳಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮಗನ ಜೊತೆಗೆ ಮಗಳನ್ನೂ ಹೊಣೆಯಾಗಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಲ್ಲ ಧರ್ಮದ ತಂದೆತಾಯಿಗೂ ಮ್ಯಾಜಿಸ್ಟ್ರೇಟರ ಬಾಗಿಲು ತೆರೆಯಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ 2001ರವರೆಗೂ ಹಾಗೇ ಇತ್ತು. ಮದುವೆಯಾದ ಮಗಳು ಬೇರೆ ಮನೆಯವಳು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತಳ್ಳಿಹಾಕಿತು. ಆ ಪ್ರಕರಣದ ಮಗಳು ವೃತ್ತಿಯಲ್ಲಿ ವೈದ್ಯೆ.

ಔಷಧ, ಚಿಕಿತ್ಸೆಯ ಮಾತು ಹಿಂದೂಗಳ ಮಟ್ಟಿಗೆ 1956ರ ಕಾಯ್ದೆಯಲ್ಲೇ ಇತ್ತು. ಎಲ್ಲ ಧರ್ಮದವರಿಗೂ ಅದು ಸ್ಪಷ್ಟವಾಗಿ ಬಂದದ್ದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ. ಪೋಷಣೆಯೆಂದರೆ ಊಟ, ಬಟ್ಟೆ, ವಸತಿಯ ಜೊತೆ ವೈದ್ಯಕೀಯ ಆರೈಕೆಯೂ ಹೌದೆಂದು ಅದು ಹೇಳಿತು. ಕರ್ನಾಟಕದಲ್ಲಿ ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಜನರ ಮಾತಿನಲ್ಲಿ ಎ.ಸಿ. ಸಾಹೇಬರಿಗೆ. ಕೋರ್ಟು ಕಚೇರಿ ಅಲೆದು ಸೋತವರಿಗೆ ಇದು ದೊಡ್ಡ ಅನುಕೂಲ. ಈ ಕಾಯ್ದೆಯ 23ನೇ ಕಲಂ ಹಳೆಯ ಪಾಲುಪಾರೀಖತ್ತಿನ ಕೊನೆಯ ಪುಟವನ್ನೇ ನೆನಪಿಸುತ್ತದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆ ರದ್ದಾಗಬಹುದು.

ತೊಡಕಿರುವುದು ಆ ಷರತ್ತಿನಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯೆದುರು ಸಿದ್ಧವಾಗುವ ದಾನಪತ್ರಗಳಲ್ಲಿ ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇವೆ ಎಂಬ ಸಿದ್ಧ ವಾಕ್ಯವಿರುತ್ತದೆ. ಆರೈಕೆಯ ಮಾತು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಮಗನ ಎದುರು ಅದನ್ನು ಬರೆಸಲು ತಾಯಿಗೆ ಸಂಕೋಚ. ಷರತ್ತು ಇತ್ತೆಂದು ತೋರಿಸದೆ 23ನೇ ಕಲಂ ನೆರವಿಗೆ ಬಾರದೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಕೊನೆಯವರೆಗೂ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟಿದ್ದ ಪತ್ರವನ್ನು ಲೆಕ್ಕಕ್ಕೆ ಹಿಡಿದು, ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ತಾಯಿಗೆ ಆಸ್ತಿ ಮರಳಿಸಿತು. ಈ ಎರಡು ತೀರ್ಪುಗಳನ್ನು ಓದಿದ ಯಾರಿಗಾದರೂ ಆ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಹಿಂದಿನ ಪತ್ರಬರಹಗಾರರು ಯಾವ ಸಂಕೋಚವೂ ಇಲ್ಲದೆ ಅದನ್ನು ಬರೆಯುತ್ತಿದ್ದರು.

ಆಸ್ಪತ್ರೆಯ ಖರ್ಚಿಗೆ ಮನೆಯಾಚೆಗಿನ ಉತ್ತರ ಹುಡುಕಿದ ಪ್ರಯತ್ನವೂ ಈ ನೆಲದ್ದೇ. 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ, ಸಹಕಾರ ಸಂಘಗಳ ರೈತರಿಂದ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆಯ ವೆಚ್ಚ ಹೊತ್ತಿತು. ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಕಲ್ಪನೆಗೆ ಹಾಲಿನ ಡೇರಿ, ಸೊಸೈಟಿಗಳ ಜಾಲ ಕೈಕಾಲಾಯಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ವಯಸ್ಸಿನ ಮಿತಿ 75. ಖಾಸಗಿ ವಿಮೆ ಮುದುಕರನ್ನು ದೂರವಿಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋದ ಯಶಸ್ವಿನಿಯನ್ನು ಸರ್ಕಾರ ಕೆಲವು ವರ್ಷಗಳ ಬಳಿಕ ಮತ್ತೆ ಪ್ರತ್ಯೇಕವಾಗಿ ಆರಂಭಿಸಿತು.

ಆದರೂ ಇಂಥ ಯೋಜನೆಗಳು ನೋಡಿಕೊಳ್ಳುವುದು ಆಪರೇಷನ್ನನ್ನು, ಆಸ್ಪತ್ರೆಯಲ್ಲಿ ಮಲಗಿದ ದಿನಗಳನ್ನು. ಲಕ್ವ ಹೊಡೆದು ಮನೆಗೆ ಬಂದ ಅಮ್ಮನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವವರು ಯಾರು? ಬೆನ್ನಹುಣ್ಣಿಗೆ ಡ್ರೆಸ್ಸಿಂಗ್, ಡಯಾಪರ್, ಫಿಸಿಯೋಥೆರಪಿ, ರಾತ್ರಿ ಪಾಳಿಯ ಆಯಾ ಇವೆಲ್ಲ ಬಹುಪಾಲು ಮನೆಯವರ ಜೇಬಿನಿಂದಲೇ ಹೋಗುತ್ತವೆ. ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಬೀಳುವುದು ಸೊಸೆಯ ಮೇಲೆ. ಯಾವ ಪಾಲುಪಾರೀಖತ್ತೂ ಅವಳ ದುಡಿಮೆಗೆ ಗುಂಟೆ ಜಾಗ ಬರೆದಿಲ್ಲ.

2007ರ ಕಾಯ್ದೆ ಮಾಸಿಕ ಪೋಷಣೆಗೆ ಹಾಕಿದ ಗರಿಷ್ಠ ಮಿತಿ 10,000 ರೂಪಾಯಿ. ಈ ಮಿತಿಯನ್ನು ತೆಗೆಯಲು, ಸೊಸೆ ಅಳಿಯಂದಿರನ್ನೂ ಹೊಣೆಗಾರರನ್ನಾಗಿಸಲು, ಮನೆಯಲ್ಲೇ ಆರೈಕೆ ಒದಗಿಸುವ ಸಂಸ್ಥೆಗಳಿಗೆ ನಿಯಮ ರೂಪಿಸಲು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಅದು ಸ್ಥಾಯಿ ಸಮಿತಿಗೆ ಹೋಗಿ ಬಂತು. 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಅಂಗೀಕಾರವಾಗದೆ ಬಿದ್ದುಹೋಯಿತು.