ಎಳೆದಾಗ ಬಾಯಿ ಬಿಡುವ ಬಿರುಕು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಸದ್ದು ಒಡಕಾಗಿದ್ದರೆ ಕೆಳಗಿಡುತ್ತಾರೆ. ತ್ರೀಡಿ ಪ್ರಿಂಟಿಂಗ್‌ನಲ್ಲಿ ತಯಾರಾದ ಲೋಹದ ಭಾಗಗಳ ಒಳಗನ್ನು ನೋಡಲು ಮಾತ್ರ ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಬರಬೇಕಾಯಿತು. ಅದು ಅಲ್ಲಿಗೆ ಹೇಗೆ ಬಂತು ಎಂದು ಹುಡುಕಿ ಹೊರಟ ನಮಗೆ ಮೊದಲು ಸಿಕ್ಕಿದ್ದು ಒಂದು ಹೊಲ.

ಗಾಡ್‌ಫ್ರೀ ಹೌನ್ಸ್‌ಫೀಲ್ಡ್ 1919ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಹುಟ್ಟಿ, ಹೊಲದ ಯಂತ್ರಗಳ ನಡುವೆ ಬೆಳೆದವರು. ತಾವೇ ಕಟ್ಟಿದ ಗ್ಲೈಡರ್ ಹಿಡಿದು ಹುಲ್ಲಿನ ಬಣವೆ ಮೇಲಿಂದ ಹಾರಿದ ಹುಡುಗ. (ನಮ್ಮೂರಿನಲ್ಲಾಗಿದ್ದರೆ ಬೆನ್ನಿಗೆ ಬಾರುಕೋಲು ಬೀಳುತ್ತಿತ್ತು.) ಮುಂದೆ ಇಎಂಐ ಕಂಪನಿ ಸೇರಿದ ಅವರು, ಒಂದು ವಸ್ತುವಿನ ಮೂಲಕ ಬೇರೆ ಬೇರೆ ಕೋನಗಳಿಂದ ಕಿರಣ ಹಾಯಿಸಿ, ಒಳಗಿನ ಒಂದೊಂದು ಬಿಂದುವನ್ನೂ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಬಹುದೆಂದು ನಂಬಿದ್ದರು. ಲೇತ್ ಯಂತ್ರದ ಮೇಲೆ ಕಟ್ಟಿದ ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ 9 ದಿನ ಹಿಡಿಯಿತು. ಎತ್ತಿನ ಮಿದುಳನ್ನೂ ಇಟ್ಟು ನೋಡಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅಲನ್ ಕಾರ್ಮಾಕ್ ಅವರ ಜೊತೆ ನೊಬೆಲ್ ಬಂತು.

ಯಂತ್ರದ ಭಾಗಗಳನ್ನೂ ಹೀಗೆ ನೋಡುವ ರೂಢಿ ಮುಂದೆ ಕಾರ್ಖಾನೆಗಳಿಗೆ ಬಂತು. ಆದರೆ ಲೋಹದ ಪ್ರಿಂಟಿಂಗ್ ಹೊಸ ತಲೆನೋವು ತಂದಿತು. ಕೂದಲೆಳೆಗಿಂತ ತೆಳುವಾಗಿ ಲೋಹದ ಪುಡಿ ಹರಡುವುದು, ಲೇಸರ್‌ನಿಂದ ಕರಗಿಸುವುದು, ಮತ್ತೆ ಹರಡುವುದು. ಹೀಗೆ ಸಾವಿರಾರು ಪದರ. ಎಲ್ಲೋ ಒಂದು ಕಡೆ ಪುಡಿ ಸರಿಯಾಗಿ ಕರಗದಿದ್ದರೆ ಎರಡು ಪದರಗಳ ನಡುವೆ ಚಪ್ಪಟೆ ಬಿರುಕು ಉಳಿಯುತ್ತದೆ. 2024ರ ಮೇ 9ರಂದು ಇಸ್ರೋ 665 ಸೆಕೆಂಡು ಉರಿಸಿ ಪರೀಕ್ಷಿಸಿದ ಪಿಎಸ್4 ಎಂಜಿನ್‌ನಲ್ಲಿ 14 ಬಿಡಿಭಾಗಗಳು ಒಂದೇ ಆಗಿ, 19 ಬೆಸುಗೆಗಳು ಇಲ್ಲವಾಗಿದ್ದವು. ಮುದ್ರಿಸಿಕೊಟ್ಟಿದ್ದು ವಿಪ್ರೋ ತ್ರೀಡಿ. ಬೆಸುಗೆ ಹೋದದ್ದು ಲಾಭವೇ. ಆದರೆ ಬೆಸುಗೆ ಎಲ್ಲಿದೆ ಎಂಬುದಾದರೂ ಗೊತ್ತಿರುತ್ತಿತ್ತು. ಪದರಗಳ ನಡುವಿನ ದೋಷ ಎಲ್ಲಿ ಬೇಕಾದರೂ ಇರಬಹುದು.

ಸುಮ್ಮನೆ ಕೂತ ಭಾಗವನ್ನು ಸ್ಕ್ಯಾನ್ ಮಾಡಿದರೆ ಸಾಲದು. ಚಪ್ಪಟೆ ಬಿರುಕಿನ ಎರಡು ತುಟಿಗಳು ಅಂಟಿಕೊಂಡಂತಿದ್ದರೆ ಎಕ್ಸ್-ರೇಗೆ ಅದು ಕಾಣಿಸುವುದೇ ಕಷ್ಟ. ಎಳೆದಾಗ ಬಾಯಿ ಬಿಡುತ್ತದೆ. ಅದಕ್ಕಾಗಿಯೇ ಸ್ಕ್ಯಾನರ್ ಒಳಗೆ ಕೂರುವ ಎಳೆಯುವ ಯಂತ್ರಗಳು ಬಂದವು. ಎಕ್ಸ್-ರೇಯನ್ನು ಹೆಚ್ಚು ತಡೆಯದ ಪ್ಲಾಸ್ಟಿಕ್ ಅಥವಾ ಕಾರ್ಬನ್ ನಾರಿನ ಕೊಳವೆಯೊಳಗೆ ಮಾದರಿಯನ್ನು ಕಚ್ಚಿಸಿ, ಸ್ವಲ್ಪ ಎಳೆದು, ಅದು ಸುಧಾರಿಸಿಕೊಳ್ಳುವವರೆಗೆ ಕಾದು, ಯಂತ್ರದ ಸಮೇತ ಸುತ್ತಿಸಿ ಚಿತ್ರ ತೆಗೆಯುತ್ತಾರೆ. ಮತ್ತೆ ಸ್ವಲ್ಪ ಎಳೆಯುತ್ತಾರೆ. ಮುರಿಯುವವರೆಗೂ ಹೀಗೇ.

ಎರಡು ಚಿತ್ರಗಳ ನಡುವೆ ಒಳಗಿನ ಯಾವ ಜಾಗ ಎಷ್ಟು ಸರಿಯಿತು ಎಂದು ಅಳೆಯುವ ಲೆಕ್ಕವನ್ನು ಬ್ರಯಾನ್ ಬೇ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಅವರು ಅದನ್ನು ಮಾಡಿ ತೋರಿಸಿದ್ದು ಲೋಹದ ಮೇಲಲ್ಲ, ಮೂಳೆಯ ಮೇಲೆ! ಲೋಹಕ್ಕೆ ಅದು ಆಮೇಲೆ ಬಂತು.

ಹೀಗೆ ನೋಡಿದವರಿಗೆ ತಿಳಿದದ್ದು, ಎಲ್ಲ ತೂತೂ ಒಂದೇ ಅಲ್ಲ ಎಂದು. ಪದೇ ಪದೇ ಎಳೆತಕ್ಕೆ ಸಿಗುವ ಭಾಗದಲ್ಲಿ, ನಡುವಿನ ದೊಡ್ಡ ಗುಂಡು ತೂತಿಗಿಂತ ಮೇಲ್ಮೈ ಹತ್ತಿರದ ಸಣ್ಣ ಮೊನಚು ದೋಷವೇ ಮೊದಲು ಬಿರುಕು ಬಿಡಬಹುದು. ಯಾವ ಭಾಗ ಇಟ್ಟುಕೊಳ್ಳಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂಬ ತೀರ್ಮಾನ ನಿಂತಿರುವುದು ಇದರ ಮೇಲೆ.

ಇಡೀ ಎಂಜಿನ್ನನ್ನು ಈ ಕೊಳವೆಯೊಳಗೆ ಕೂರಿಸಲಾಗದು. ದಪ್ಪ ಲೋಹ ಕಿರಣವನ್ನು ನುಂಗಿಬಿಡುತ್ತದೆ. ಸೂಕ್ಷ್ಮವಾಗಿ ನೋಡಬೇಕಾದರೆ ಮಾದರಿ ಕೆಲವೇ ಮಿಲಿಮೀಟರ್ ದಪ್ಪವಿರಬೇಕು. ಹಾಗಾಗಿ ಅದೇ ಪುಡಿಯಲ್ಲಿ, ಅದೇ ಯಂತ್ರದಲ್ಲಿ, ಭಾಗದ ಪಕ್ಕದಲ್ಲೇ ಒಂದೆರಡು ಸಣ್ಣ ಕಡ್ಡಿಗಳನ್ನೂ ಮುದ್ರಿಸಿಕೊಂಡು, ಅವನ್ನು ಎಳೆದು ಮುರಿದು ನೋಡುತ್ತಾರೆ.