ಮದ್ಯದಂಗಡಿಯ ಬಾಕಿ: ತೆರಿಗೆಯೋ, ಬೆಲೆಯೋ?

ಮದ್ಯ ಮಾರುವ ಹಕ್ಕನ್ನು ಸರ್ಕಾರವು ತನ್ನಲ್ಲಿಯೇ ಇರಿಸಿಕೊಂಡು, ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನಿಗೆ ಒಂದು ಅವಧಿಯವರೆಗೆ ಬಿಟ್ಟುಕೊಡುವ ಪದ್ಧತಿಯು ಕಂಪನಿ ಸರ್ಕಾರದ ಕಾಲದಿಂದಲೂ ಭಾರತದಲ್ಲಿ ನಡೆದುಬಂದುದಾಗಿದೆ. ಹರಾಜಿನ ದಿನ ಗುತ್ತಿಗೆದಾರರು ಪಂತಕ್ಕೆ ಬಿದ್ದು ಸವಾಲನ್ನು ಏರಿಸುವರು. ಠೇವಣಿ ಕಟ್ಟಿ ಅಂಗಡಿ ತೆರೆಯುವರು. ವ್ಯಾಪಾರವು ಎಣಿಸಿದಷ್ಟು ಕುದುರದಿದ್ದರೆ ಕಂತುಗಳು ನಿಲ್ಲುವುವು. ಆಗ ಅಬಕಾರಿ ಇಲಾಖೆಯು ಲೈಸೆನ್ಸನ್ನು ರದ್ದುಮಾಡಿ ಅಂಗಡಿಯನ್ನು ಮರುಹರಾಜಿಗೆ ಇಡುವುದು. ಉಳಿದ ಹಣವನ್ನು ಭೂಕಂದಾಯದ ಬಾಕಿಯಂತೆ, ಎಂದರೆ ಆಸ್ತಿಯನ್ನು ಜಪ್ತಿ ಮಾಡಿಯಾದರೂ, ವಸೂಲು ಮಾಡಲು ಹೊರಡುವುದು. ಗುತ್ತಿಗೆದಾರನು ನ್ಯಾಯಾಲಯದ ಮೆಟ್ಟಿಲೇರುತ್ತಿದ್ದುದು ಈ ಘಟ್ಟದಲ್ಲಿಯೇ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ವ್ಯಾಜ್ಯಗಳಿಗೆ ಹೊಸ ರೂಪವನ್ನು ಕೊಟ್ಟಿತು. ಅದರ 19ನೆಯ ಅನುಚ್ಛೇದವು ಪ್ರಜೆಗೆ ವ್ಯಾಪಾರಸ್ವಾತಂತ್ರ್ಯವನ್ನು ನೀಡಿತು. 47ನೆಯದು ಮದ್ಯಪಾನವನ್ನು ನಿಷೇಧಿಸಲು ಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳಿತು. ಅಜಮೇರಿನಿಂದ ಬಂದ ಒಂದು ಮೊಕದ್ದಮೆಯಲ್ಲಿ, ಮದ್ಯ ಮಾರುವ ಸಹಜವಾದ ಹಕ್ಕು ಯಾವ ಪ್ರಜೆಗೂ ಇಲ್ಲವೆಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ 1967ರಲ್ಲಿ, ಜಮ್ಮು ಕಾಶ್ಮೀರದ ವ್ಯಾಜ್ಯವೊಂದರಲ್ಲಿ, ಮದ್ಯದ ವ್ಯವಹಾರವೂ ಒಂದು ವ್ಯಾಪಾರವೇ ಸರಿ ಎಂಬ ಮಾತು ಅದೇ ನ್ಯಾಯಾಲಯದಿಂದ ಹೊರಟಿತು. ಗುತ್ತಿಗೆದಾರರಿಗೆ ಆಸೆ ಚಿಗುರಲು ಇಷ್ಟು ಸಾಕಾಯಿತು.

ಪ್ರಶ್ನೆಯು ಕೊನೆಗೆ ಒಂದೇ ಪದದ ಮೇಲೆ ಬಂದು ನಿಂತಿತು. ಸರ್ಕಾರವು ಕೇಳುವ ಈ ಹಣವು ತೆರಿಗೆಯೇ, ಅಥವಾ ಬೆಲೆಯೇ? ತೆರಿಗೆಯಾದರೆ ಅದಕ್ಕೆ ಶಾಸನದ ಸ್ಪಷ್ಟವಾದ ಆಧಾರ ಬೇಕು. ಬೆಲೆಯಾದರೆ ಒಪ್ಪಿದವನು ಕೊಡತಕ್ಕದ್ದು. ಮಧ್ಯಪ್ರದೇಶದಲ್ಲಿ ಗುತ್ತಿಗೆದಾರನು ಗೊತ್ತುಮಾಡಿದಷ್ಟು ಮದ್ಯವನ್ನು ಎತ್ತದಿದ್ದರೆ, ಎತ್ತದೆ ಉಳಿದ ಭಾಗಕ್ಕೂ ಅಬಕಾರಿ ಸುಂಕವನ್ನು ತೆರಬೇಕೆಂಬ ಷರತ್ತಿದ್ದಿತು. 1970ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತೀರ್ಪನ್ನು ಬರೆದವರು ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರು. ಶಾಸನವು ಅಧಿಕಾರ ಕೊಡದೆ ನಿಯಮಗಳ ಮೂಲಕ ತೆರಿಗೆ ಹಾಕಲಾಗದೆಂಬುದು ಅದರ ತಿರುಳು.

ಆದರೆ ಈ ಜಯವು ಬಹುಕಾಲ ನಿಲ್ಲಲಿಲ್ಲ. ಪಂಜಾಬಿನಲ್ಲಿ 1968–69ನೆಯ ವರ್ಷಕ್ಕೆ ಅಂಗಡಿಗಳನ್ನು ಹರಾಜಿನಲ್ಲಿ ಹಿಡಿದವರು ಹಣ ಕಟ್ಟಲಾರದೆ ಬಾಕಿದಾರರಾಗಿ, ಲೈಸೆನ್ಸ್ ಶುಲ್ಕವೇ ಕಾನೂನಿಗೆ ವಿರುದ್ಧವೆಂದು ವಾದಿಸಿದರು. ಹರಶಂಕರ್ ಮೊಕದ್ದಮೆಯೆಂದು ಹೆಸರಾದ ಇದನ್ನು 1975ರ ಜನವರಿಯಲ್ಲಿ ಸಂವಿಧಾನಪೀಠವು ತೀರ್ಮಾನಿಸಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಮತದಲ್ಲಿ ಈ ಹಣವು ತೆರಿಗೆಯೂ ಅಲ್ಲ, ಸುಂಕವೂ ಅಲ್ಲ. ಸರ್ಕಾರವು ತನ್ನ ವಿಶೇಷಾಧಿಕಾರವನ್ನು ಬಿಟ್ಟುಕೊಟ್ಟುದಕ್ಕೆ ಪಡೆಯುವ ಪ್ರತಿಫಲ. ಷರತ್ತುಗಳನ್ನು ಬಲ್ಲವನಾಗಿ ಸವಾಲು ಕೂಗಿದವನು, ಲಾಭ ಬರಲಿಲ್ಲವೆಂದು ರಿಟ್ ಅರ್ಜಿಯ ಮರೆಯಲ್ಲಿ ಜಾರಿಕೊಳ್ಳುವಂತಿಲ್ಲ. ಅದೇ ವರ್ಷ ರಾಜಸ್ಥಾನದ ಗುತ್ತಿಗೆದಾರರ ಮೊಕದ್ದಮೆಯಲ್ಲಿಯೂ, ಖಾತರಿ ಕೊಟ್ಟ ಮೊತ್ತದಲ್ಲಿ ಬಿದ್ದ ಕೊರತೆಯು ಸುಂಕವಲ್ಲ, ಒಪ್ಪಂದದ ಹಣವೆಂದು ವಿಧಿಸಿ, ಮಧ್ಯಪ್ರದೇಶದ ತೀರ್ಪು ಅದಕ್ಕೆ ಅನ್ವಯಿಸದೆಂದು ನ್ಯಾಯಾಲಯವು ಬೇರ್ಪಡಿಸಿತು. ಮದ್ಯದ ವ್ಯಾಪಾರವು ಮೂಲಭೂತ ಹಕ್ಕಲ್ಲವೆಂಬುದು, ಖೋಡೆ ಡಿಸ್ಟಿಲರೀಸ್ ಕಂಪನಿಗೂ ಕರ್ನಾಟಕ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ, 1994ರಲ್ಲಿ ಮತ್ತೆ ದೃಢವಾಯಿತು.

ಕೂಗಿದ ಮಾತಿಗೆ ಕೂಗಿದವನು ಬದ್ಧನೆಂಬುದು ನ್ಯಾಯವೇ ಸರಿ. ಆದರೆ ಈ ತೀರ್ಪುಗಳ ಒಳಗೆ ಮತ್ತೊಂದು ಸತ್ಯವೂ ಅಡಗಿದೆ. ತೆರಿಗೆಯನ್ನು ವಿಧಿಸುವವನು ವ್ಯಾಪಾರದ ಹೊರಗೆ ನಿಲ್ಲಬಹುದು. ಬೆಲೆಯನ್ನು ಪಡೆಯುವವನು ಹಾಗೆ ನಿಲ್ಲಲಾರನು, ಅವನೂ ಮಾರಾಟಗಾರನೇ. ಮದ್ಯವು ಜನಕ್ಕೆ ಕೇಡು, ಆದಕಾರಣ ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ ಎಂಬ ವಾದದಿಂದಲೇ ಸರ್ಕಾರವು ಬಾಕಿಯನ್ನು ಗೆದ್ದುಕೊಂಡಿತು. ಗೆದ್ದ ಹಣವಾದರೋ ಅದೇ ಮಾರಾಟದ ಫಲ. ಕರ್ನಾಟಕದಲ್ಲಿ ಸಾರಾಯಿ ಮಾರಾಟವು 2007ರ ಜುಲೈ 1ರಿಂದ ನಿಂತು, ಅದರ ಹರಾಜೂ ಕೊನೆಗಂಡಿತು. ಇತರ ಮದ್ಯದ ಆದಾಯ ಮಾತ್ರ ಬೊಕ್ಕಸಕ್ಕೆ ಬರುತ್ತಲೇ ಇತ್ತು. ಬಾಕಿದಾರನನ್ನು ನ್ಯಾಯಾಲಯವು ಕೇಳಿದ ಪ್ರಶ್ನೆಗೆ ಉತ್ತರ ದೊರೆತಿದೆ. 47ನೆಯ ಅನುಚ್ಛೇದವು ಸರ್ಕಾರವನ್ನು ಕೇಳುವ ಪ್ರಶ್ನೆಯು ಬಾಕಿಯಾಗಿಯೇ ಉಳಿದಿದೆ.