ನಾಗಾವಿಯ ಘಟಿಕಾಶಾಲೆಯೂ ವಿದ್ಯೆಯ ಬೆಲೆಯೂ

ಸಿರಿವಂತರ ಖಾಸಗಿ ವಿಶ್ವವಿದ್ಯಾಲಯವು ಮೇಲೋ, ಸರಕಾರದ ವಿದ್ಯಾಲಯವು ಮೇಲೋ ಎಂಬ ವಾದಕ್ಕೆ ಭಂಕೂರಿನ ನೆರೆಯ ಚಿತ್ತಾಪುರ ಸೀಮೆಯ ನಾಗಾವಿ ಶಾಸನವು ಬೇರೊಂದು ಅಳತೆಗೋಲನ್ನು ಒದಗಿಸುತ್ತದೆ.

ಕ್ರಿ. ಶ. 1058ರ ಆ ಶಾಸನದಿಂದ, ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಇಲ್ಲಿಯ ಘಟಿಕಾಶಾಲೆಗೆ ದತ್ತಿಯನ್ನು ಏರ್ಪಡಿಸಿದನೆಂದು ತಿಳಿದುಬರುತ್ತದೆ. ವೇದಾಧ್ಯಾಯಿಗಳು 200 ಮಂದಿ, ಶಾಸ್ತ್ರಾಧ್ಯಾಯಿಗಳು 52 ಮಂದಿ. ವೇದಕ್ಕೆ ಮೂವರು, ಭಟ್ಟದರ್ಶನ ನ್ಯಾಸ ಪ್ರಭಾಕರಗಳಿಗೆ ಮೂವರು ಉಪಾಧ್ಯಾಯರು. ಸರಸ್ವತೀಭಂಡಾರಿಗರು ಆರು ಮಂದಿ. ಗ್ರಂಥರಕ್ಷಕರ ಸಂಖ್ಯೆಯು ಉಪಾಧ್ಯಾಯರ ಸಂಖ್ಯೆಗೆ ಸಮನಾಗಿರುವುದು ಗಮನಾರ್ಹವಾಗಿದೆ.

ದಾನಿಯು ರಾಜ್ಯಾಧಿಕಾರಿ, ದತ್ತಿಯು ಧರ್ಮಕ್ಕೆ ಮೀಸಲು. ಆದುದರಿಂದ ಈ ಶಾಲೆಯನ್ನು ಕೇವಲ ಖಾಸಗಿಯೆಂದಾಗಲಿ ಸರಕಾರದ್ದೆಂದಾಗಲಿ ಹೇಳಲಾಗದು. ಅದರ ಹಿರಿಮೆಗೆ ಆಧಾರವಾದುದು ವಿದ್ಯಾರ್ಥಿಯು ತೆತ್ತ ಹಣವಲ್ಲ. ಉಪಾಧ್ಯಾಯ, ಗ್ರಂಥ, ನಿರ್ವಾಹ ಇವುಗಳ ಸ್ಥಿರವಾದ ಏರ್ಪಾಡು.

ಆದರೆ ವೇದಾಧ್ಯಯನದ ಬಾಗಿಲು ಜನ್ಮದಿಂದಲೇ ಬಹುಜನರಿಗೆ ಮುಚ್ಚಿದ್ದಿತು. ಹಣವೇ ಬಾಗಿಲಾದ ವಿದ್ಯಾಲಯದಲ್ಲಿ ಈ ಕೊರತೆಯೇ ಬೇರೊಂದು ರೂಪದಿಂದ ಮರುಕಳಿಸುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆಲ್ಲ ಉಚಿತ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಶಾಸನವು ಸರಕಾರದ ಶಾಲೆಯ ಬಾಗಿಲನ್ನು ಎಲ್ಲರಿಗೂ ತೆರೆದಿದೆ. ಆ ತೆರೆದ ಬಾಗಿಲಿನ ಒಳಗೆ ನಾಗಾವಿಯ ಉಪಾಧ್ಯಾಯರೂ ಭಂಡಾರಿಗರೂ ಇದ್ದಲ್ಲಿ, ಅದಕ್ಕಿಂತ ಬೆಲೆಯುಳ್ಳ ವಿದ್ಯಾಸ್ಥಾನವು ಬೇರೊಂದಿಲ್ಲ. ಅವರಿಲ್ಲದಿದ್ದಲ್ಲಿ ಬಾಗಿಲು ತೆರೆದೂ ಫಲವಿಲ್ಲ.